ಮಿಶ್ರ ಕಲಿಕೆ: ಶೇಕಡಾ ಲೆಕ್ಕದ ತೊಡಕು

ಕೋವಿಡ್ ಹಾವಳಿಯ ನಡುವೆ, 2021ರ ಮೇ ತಿಂಗಳಲ್ಲಿ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು (ಯು.ಜಿ.ಸಿ.) ‘ಮಿಶ್ರ ಕಲಿಕೆ’ಯನ್ನು ಕುರಿತ ಕರಡು ಟಿಪ್ಪಣಿಯೊಂದನ್ನು ಪ್ರಕಟಿಸಿ ಅಭಿಪ್ರಾಯ ಕೇಳಿತು. ಪ್ರತಿ ವಿಷಯದ ಶೇ. 40ರವರೆಗಿನ ಭಾಗವನ್ನು ಆನ್‌ಲೈನಿನಲ್ಲಿ, ಉಳಿದ ಶೇ. 60ನ್ನು ತರಗತಿಯಲ್ಲಿ ಬೋಧಿಸಬಹುದೆಂಬುದು ಅದರ ಮುಖ್ಯ ಸಲಹೆ. ಟಿಪ್ಪಣಿಯಲ್ಲಿ ಬೋಧನಾ ವಿಧಾನಗಳ ವಿವರಣೆ ಇಲ್ಲವೆಂದಲ್ಲ. ಆದರೆ ಎಲ್ಲ ವಿಷಯಗಳಿಗೂ ಒಂದೇ ಅಳತೆಗೋಲು ಏಕೆ ಎಂಬುದಕ್ಕೆ ಅದರಲ್ಲಿ ತೃಪ್ತಿಕರ ಉತ್ತರ ಸಿಗುವುದಿಲ್ಲ.

ಮಿಶ್ರ ಕಲಿಕೆಯ ಪರವಾಗಿ ಹಲವರು ಮುಂದಿಡುವ ಆಧಾರ, ಅಮೆರಿಕದ ಶಿಕ್ಷಣ ಇಲಾಖೆ 2009ರಲ್ಲಿ ಹೊರತಂದು 2010ರಲ್ಲಿ ಪರಿಷ್ಕರಿಸಿದ ವರದಿ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎರಡೂ ಬಗೆಯಲ್ಲಿ ಕಲಿತವರು ಬರೀ ತರಗತಿಯಲ್ಲಿ ಕಲಿತವರಿಗಿಂತ ಸರಾಸರಿಯಲ್ಲಿ ಮುಂದಿದ್ದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ವರದಿಯ ಎಚ್ಚರಿಕೆಯನ್ನು ಹೇಳುವವರು ಕಡಿಮೆ: ಮುಂದಿದ್ದವರಿಗೆ ಅನೇಕ ಕಡೆ ಹೆಚ್ಚಿನ ಸಮಯವೂ ಹೆಚ್ಚುವರಿ ಸಾಮಗ್ರಿಯೂ ದೊರೆತಿದ್ದವು. ಆದ್ದರಿಂದ ಲಾಭವೆಲ್ಲ ಮಾಧ್ಯಮದ್ದೇ ಎನ್ನುವಂತಿಲ್ಲ. ಗಮನಿಸಿ, ಅಲ್ಲಿ ಅನೇಕ ಕಡೆ ನಡೆದದ್ದು ಕೂಡುವ ಲೆಕ್ಕ. ಇಲ್ಲಿ ಸೂಚಿಸಿರುವುದು ತರಗತಿಯಿಂದ ಕಳೆಯುವ ಲೆಕ್ಕ.

ಹಾಗಾದರೆ ತರಗತಿಯಿಂದ ಯಾವುದನ್ನು ಹೊರಗಿಡಬಹುದು? ನೀವು ಕಲ್ಲೊಂದನ್ನು ನೇರ ಮೇಲಕ್ಕೆ ಎಸೆದಿದ್ದೀರಿ ಎನ್ನೋಣ. ಅತಿ ಎತ್ತರದ ಬಿಂದುವಿನಲ್ಲಿ ಅದರ ವೇಗೋತ್ಕರ್ಷವೆಷ್ಟು? ಸೂತ್ರಗಳು ಬಾಯಿಗೆ ಬರುವ ವಿದ್ಯಾರ್ಥಿಗಳಲ್ಲೂ ಹಲವರು ‘ಸೊನ್ನೆ’ ಎನ್ನುತ್ತಾರೆ. ಸೊನ್ನೆಯಾಗುವುದು ವೇಗ. ವೇಗೋತ್ಕರ್ಷ ಆಗಲೂ ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ 9.8 ಮೀಟರ್, ಕೆಳಮುಖವಾಗಿ. ಸಮೀಕರಣಗಳನ್ನು ವಿಡಿಯೋ ಚೆನ್ನಾಗಿಯೇ ಕಲಿಸೀತು. ನಿಲ್ಲಿಸಿ ಮತ್ತೆ ನೋಡುವ ಅನುಕೂಲವೂ ಉಂಟು. ಆದರೆ ಆ ‘ಸೊನ್ನೆ’ ಅಲುಗಾಡಬೇಕಾದರೆ ಪಕ್ಕದಲ್ಲಿ ಕುಳಿತವರೊಡನೆ ವಾದಿಸಬೇಕು. ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ರೂಢಿಸಿದ ಕ್ರಮ ಇಂಥದೇ. ವಿದ್ಯಾರ್ಥಿಗಳು ಪಾಠ ಓದಿಕೊಂಡು ಬರುತ್ತಾರೆ. ತರಗತಿಯಲ್ಲಿ ಇಂತಹ ಪ್ರಶ್ನೆಗೆ ಒಬ್ಬೊಬ್ಬರೇ ಉತ್ತರಿಸಿ, ನೆರೆಯವರೊಡನೆ ಚರ್ಚಿಸಿ, ಮತ್ತೊಮ್ಮೆ ಉತ್ತರಿಸುತ್ತಾರೆ. (ಇದಕ್ಕೆ ಅಂತರಜಾಲವೇ ಬೇಕೆಂದಿಲ್ಲ, ಅಚ್ಚಾದ ಪುಟಗಳೂ ಸಾಕು.)

ಬ್ಯೂರೆಟ್ಟಿನ ನಲ್ಲಿಯನ್ನು ತೊಟ್ಟು ತೊಟ್ಟಾಗಿ ಬಿಡುವ ಕೈಪಳಗು ಪರದೆಯ ಮೇಲೆ ಬರುವುದಿಲ್ಲವೆಂಬುದನ್ನು ರಸಾಯನ ವಿಜ್ಞಾನದವರಿಗೆ ಹೇಳಬೇಕಾಗಿಲ್ಲ. ಇನ್ನು ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಪಾಲನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಕಾರ್ಯಭಾರದ ಗಂಟೆಗಳು ಇಳಿದರೆ ಮೊದಲು ಕೆಲಸ ಹೋಗುವುದು ಅವರದು, ವಾದ ಹೂಡಿಸಬೇಕಾದವರೂ ಅವರೇ. ಪಠ್ಯಕ್ರಮ ರೂಪಿಸುವ ಮಂಡಲಿಗಳು ಪ್ರತಿ ಘಟಕದ ಎದುರು, ವಿಡಿಯೋದಿಂದ ಉಳಿದ ಗಂಟೆಯಲ್ಲಿ ತರಗತಿಯಲ್ಲಿ ಏನು ನಡೆಯಬೇಕೆಂದು ಬರೆಯಲಿ. ಶೇಕಡಾವಾರನ್ನು ಆಮೇಲೆ ನೋಡಿಕೊಳ್ಳಬಹುದು.