ನೀರಿನ ಲೆಕ್ಕವಿಲ್ಲದ ಚಾರಣ

ಪರೀಕ್ಷೆಗಳು ಮುಗಿದು ರಜೆ ಶುರುವಾದ ಕೂಡಲೇ ನಮ್ಮಲ್ಲಿ ಚಾರಣದ ಯೋಜನೆಗಳು ಹುಟ್ಟಿಕೊಳ್ಳುತ್ತವೆ. ಹಿಮಾಲಯಕ್ಕೆ ಹೋಗಿಬರಲು ದುಡ್ಡೂ ರಜೆಯೂ ಸಾಲದವರು ಸಹ್ಯಾದ್ರಿಯಲ್ಲೇ ಎರಡು ಮೂರು ದಿನ ನಡೆದು ಬರೋಣ ಎಂದುಕೊಳ್ಳುತ್ತಾರೆ. ಆಸೆ ಒಳ್ಳೆಯದೇ. ಆದರೆ ಆ ಯೋಜನೆಗಳನ್ನೊಮ್ಮೆ ಓದಿ ನೋಡಿ. ರಾತ್ರಿ ಬಸ್ಸು ಎಷ್ಟು ಗಂಟೆಗೆ, ಟೆಂಟು ಎಲ್ಲಿ ಬಾಡಿಗೆಗೆ ಸಿಗುತ್ತದೆ, ಸೂರ್ಯೋದಯದ ಹೊತ್ತಿಗೆ ಯಾವ ಶಿಖರದ ಮೇಲಿರಬೇಕು, ಎಲ್ಲವೂ ಇರುತ್ತದೆ. ಎರಡನೇ ದಿನ ಮಧ್ಯಾಹ್ನ ಕುಡಿಯುವ ನೀರು ಎಲ್ಲಿಂದ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಮೊದಲು ಶಿಖರ ಆರಿಸಿ ಉಳಿದದ್ದನ್ನು ಆಮೇಲೆ ಹೊಂದಿಸಿಕೊಳ್ಳುವ ಈ ಪದ್ಧತಿ ಮಳೆಗಾಲ ಮುಗಿದ ಹೊಸತರಲ್ಲಿ ಹೇಗೋ ನಡೆದೀತು. ಬೇಸಿಗೆಯಲ್ಲಿ ಅದು ಅಪಾಯಕಾರಿ.

ಕುಮಾರಪರ್ವತವನ್ನೇ ತೆಗೆದುಕೊಳ್ಳಿ. ಕುಕ್ಕೆ ಸುಬ್ರಹ್ಮಣ್ಯದ ಬುಡದಿಂದ 1,712 ಮೀಟರ್ ಎತ್ತರದ ನೆತ್ತಿಯವರೆಗಿನ ಆ ದಾರಿಯಲ್ಲಿ ಮೊದಲ ಭಾಗ ದಟ್ಟ ಕಾಡು, ಗಿರಿಗದ್ದೆ ದಾಟಿದ ಮೇಲೆ ಬಟ್ಟಬಯಲು ಹುಲ್ಲುಗಾವಲು. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಿಸಿಲು ನೆತ್ತಿ ಸುಡುತ್ತದೆ, ನಿಲ್ಲಲು ಮರದ ನೆರಳಿಲ್ಲ. ಗಿರಿಗದ್ದೆಯ ಭಟ್ಟರ ಮನೆ ಬಿಟ್ಟರೆ ಮುಂದೆ ಕಲ್ಲುಮಂಟಪದ ಆಸುಪಾಸಿನ ಸಣ್ಣ ಹರಿವನ್ನೇ ನಂಬಬೇಕು. ನವೆಂಬರಿನಲ್ಲಿ ಜುಳುಜುಳು ಹರಿಯುವ ಇಂಥ ತೊರೆಗಳು ಏಪ್ರಿಲಿನಲ್ಲಿ ಹೇಗಿರುತ್ತವೆ ಎಂದು ಹತ್ತಿರದಿಂದ ನೋಡಿದವರಿಗೆ ಗೊತ್ತು: ಬಂಡೆಯ ಸಂದಿಯಲ್ಲಿ ಅಂಗೈಯಗಲ ನೀರು, ಮೇಲೆ ಕೊಳೆತ ಎಲೆ, ಸುತ್ತಲಿನ ಕೆಸರಲ್ಲಿ ಪ್ರಾಣಿಗಳ ಗೊರಸಿನ ಗುರುತು. ಅದು ಅವುಗಳ ಪಾಲಿನ ನೀರು. ನಕ್ಷೆಯಲ್ಲಿ ಮಾತ್ರ ಆ ತೊರೆಯ ನೀಲಿ ಗೆರೆ ವರ್ಷವಿಡೀ ಒಂದೇ ತೆರನಾಗಿರುತ್ತದೆ.

ಹೊತ್ತುಕೊಂಡೇ ಹೋಗೋಣ ಎನ್ನುವವರು ಲೆಕ್ಕ ಹಾಕಲಿ. ಬಿಸಿಲಲ್ಲಿ ಏರು ಹತ್ತುವ ಮೈಗೆ ದಿನಕ್ಕೆ 4-5 ಲೀಟರ್ ಬೇಕು. ಎರಡು ದಿನಕ್ಕೆ ಹತ್ತಿರ ಹತ್ತಿರ 10 ಕೆ.ಜಿ. ಬರಿಯ ನೀರಿನ ಭಾರ. ಅದರ ಮೇಲೆ ಟೆಂಟು, ಅಕ್ಕಿ, ಸ್ಟವ್. ಭಾರ ಹೆಚ್ಚಿದಷ್ಟೂ ಬೆವರು ಹೆಚ್ಚು, ಬೆವರಿದಷ್ಟೂ ನೀರು ಹೆಚ್ಚು ಬೇಕು.

ಅರಣ್ಯ ಇಲಾಖೆ ಬೇಸಿಗೆಯಲ್ಲಿ ಇಂಥ ದಾರಿಗಳನ್ನು ಮುಚ್ಚಿದಾಗ ಚಾರಣಿಗರು ಗೊಣಗುವುದನ್ನು ಕೇಳಿದ್ದೇನೆ. ಇಲಾಖೆಯ ಎಲ್ಲ ನಿಯಮಗಳನ್ನೂ ನಾನು ಒಪ್ಪುವುದಿಲ್ಲ, ಆದರೆ ಈ ವಿಷಯದಲ್ಲಿ ಇಲಾಖೆಯ ಮಾತೇ ಸರಿ. ಒಣಗಿ ನಿಂತ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಗುಡ್ಡದ ಬೆಂಕಿ ಮೇಲಿನ ಹುಲ್ಲನ್ನು ಮುಂಚಿತವಾಗಿಯೇ ಕಾಯಿಸುತ್ತ ಏರುವುದರಿಂದ ಇಳಿಜಾರಿನಲ್ಲಿ ಅದರ ವೇಗಕ್ಕೆ ಮನುಷ್ಯರ ಓಟ ಸಾಟಿಯಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಅವರೂ ವಾರಾಂತ್ಯಕ್ಕೆಂದು ಹೋದವರೇ. ಮಲೆನಾಡಿನಲ್ಲಿ ಇನ್ನೊಂದು ಭಯವೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ತರಗೆಲೆಯ ನೆಲದಲ್ಲಿ ಹೆಚ್ಚಾಗುವುದು ಇದೇ ಒಣ ತಿಂಗಳುಗಳಲ್ಲಿ. ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿಯಿರುವ ಊರಿನ ಕಾಡಿನಲ್ಲಿ ಟೆಂಟು ಹಾಕಿ ಮಲಗುವುದನ್ನು ಸಾಹಸವೆಂದು ಹೊಗಳಲು ನನಗಂತೂ ಮನಸ್ಸಿಲ್ಲ.

ಹಾಗಾದರೆ ಬೇಸಿಗೆಯಲ್ಲಿ ದಿನಗಟ್ಟಲೆ ನಡೆಯುವುದೇ ಬೇಡವೇ? ನಮ್ಮ ನಾಡಿನಲ್ಲಿ ಬಹಳ ಕಾಲದಿಂದ ಜನ ನಡೆಯುತ್ತಲೇ ಇದ್ದಾರೆ. ಶಿವರಾತ್ರಿಗೆ ಬೆಂಗಳೂರು, ಹಾಸನದ ಕಡೆಯಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರು, ಯುಗಾದಿಗೆ ಉತ್ತರ ಕರ್ನಾಟಕದ ಊರೂರುಗಳಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಡುವವರು. ಎರಡನೆಯವರ ದಾರಿ ಉರಿಬಿಸಿಲಿನ ದಾರಿ. ಭಕ್ತಿಯನ್ನು ಪಕ್ಕಕ್ಕಿಟ್ಟು ಬರಿಯ ಯೋಜನೆ ಎಂದು ನೋಡಿದರೂ ಪಾದಯಾತ್ರೆ ನಮ್ಮ ವಾರಾಂತ್ಯದ ಚಾರಣಕ್ಕಿಂತ ಎಷ್ಟೋ ಪಕ್ವವಾದದ್ದು. ನಸುಕಿನ ಎರಡು ಮೂರು ಗಂಟೆಗೇ ಎದ್ದು ನಡಿಗೆ. ಬಿಸಿಲೇರುವ ಹೊತ್ತಿಗೆ ಯಾವುದೋ ಗುಡಿಯ ಪೌಳಿಯಲ್ಲೋ ಬೇವಿನ ಮರದಡಿಯೋ ವಿಶ್ರಾಂತಿ. ಸಂಜೆ ತಂಪಾದ ಮೇಲೆ ಮತ್ತೆ ಹೆಜ್ಜೆ. ಹೆಗಲ ಮೇಲೆ ಒಂದು ಚಾದರ, ಒಂದು ಜೊತೆ ಬಟ್ಟೆ, ನೀರಿನ ಬಾಟಲಿ. ಈವತ್ತು ಎಲ್ಲಿಯವರೆಗೆ ನಡೆಯಬೇಕೆಂದು ತೀರ್ಮಾನಿಸುವುದು ಮುಂದಿನ ನೀರು ಮತ್ತು ನೆರಳು. ಊರವರು ಹಾಕುವ ದಾಸೋಹದ ಪೆಂಡಾಲು, ಮಜ್ಜಿಗೆಯ ಹಂಡೆ, ಬೊಬ್ಬೆ ಎದ್ದ ಪಾದಕ್ಕೆ ಬಿಸಿನೀರು, ಎಲ್ಲವೂ ಆ ಲೆಕ್ಕದ ಮೇಲೇ ನಿಂತಿವೆ. ಮೊದಲ ಸಲ ಹೊರಟವರಿಗೆ ಹಳಬರೊಬ್ಬರು ಜೊತೆಗಿರುತ್ತಾರೆ. ಎಲ್ಲಿ ಕೂರಬೇಕು, ಎಲ್ಲಿ ಕೂತರೆ ಮತ್ತೆ ಏಳಲಾಗುವುದಿಲ್ಲ ಎಂದು ಅವರಿಗೆ ತಿಳಿದಿರುತ್ತದೆ.

ಪಾದಯಾತ್ರೆಯಲ್ಲಿ ದೋಷವಿಲ್ಲವೆಂದಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಲೋಟಗಳನ್ನು ನೋಡಿದರೆ ಸಂಕಟವಾಗುತ್ತದೆ. ಕತ್ತಲಲ್ಲಿ ಹೆದ್ದಾರಿಯ ಅಂಚಿನಲ್ಲಿ ನಡೆಯುವುದೂ ಅಪಾಯವೇ. ಆದರೂ ಅದರ ಕ್ರಮವನ್ನು ಎರವಲು ಪಡೆಯಲು ಅಡ್ಡಿಯೇನಿಲ್ಲ.

ಆ ಕ್ರಮಕ್ಕೆ ಒಪ್ಪುವ ದಾರಿ ನಮ್ಮ ಕರಾವಳಿಯಲ್ಲೇ ಇದೆ. ಹೊನ್ನಾವರದಿಂದ ಧಾರೇಶ್ವರ, ಕುಮಟಾ, ಕಡ್ಲೆ, ಬಾಡ ದಾಟಿ ಅಘನಾಶಿನಿಯ ಅಳಿವೆಯವರೆಗೆ, ಅಲ್ಲಿಂದ ದೋಣಿಯಲ್ಲಿ ತದಡಿಗೆ, ಮತ್ತೆ ಗುಡ್ಡ ಹತ್ತಿ ಇಳಿಯುತ್ತ ಓಂ ತೀರ, ಕುಡ್ಲೆ, ಗೋಕರ್ಣ. ಶಿಖರವಿಲ್ಲ, ಆದ್ದರಿಂದ ಅವಸರವೂ ಇಲ್ಲ. ದಾರಿಯುದ್ದಕ್ಕೂ ಊರುಗಳು, ಎಳನೀರು, ಗೂಡಂಗಡಿ. ಟೆಂಟು ಬೇಡ, ರಾತ್ರಿಗೆ ಊರಲ್ಲೇ ಕೋಣೆ ಹಿಡಿಯಬಹುದು. ಮೇ ತಿಂಗಳ ಸೆಕೆ ಮಾತ್ರ ಘಟ್ಟದ ಬಿಸಿಲಿಗಿಂತ ಬೇರೆ ಬಗೆಯದು. ಬೆವರು ಆರುವುದೇ ಇಲ್ಲ, ಹಾಗಾಗಿ ಹತ್ತು ಗಂಟೆಯ ಮೇಲೆ ಮರಳಿನ ಮೇಲೆ ಕಾಲಿಡಬಾರದು. ಭರತದ ಹೊತ್ತಿನಲ್ಲಿ ಕೆಲವು ಬಂಡೆಗಳ ಬುಡದ ದಾರಿ ಮುಳುಗುತ್ತದೆ, ಆಗ ಮೇಲಿನ ಗುಡ್ಡದ ಹಾದಿಯೇ ಗತಿ. ಅದಕ್ಕೇ ಹೊರಡುವ ಹಿಂದಿನ ಸಂಜೆ ಅಲ್ಲಿಯ ಮೀನುಗಾರರೊಬ್ಬರನ್ನು ಕೇಳಬೇಕು: ನಾಳೆ ಭರತ ಎಷ್ಟು ಹೊತ್ತಿಗೆ, ದೋಣಿ ಎಷ್ಟು ಗಂಟೆಗೆ, ಮುಂದಿನ ಸಿಹಿನೀರಿನ ಬಾವಿ ಯಾವ ಕೇರಿಯಲ್ಲಿ. ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಬಸ್ಸಿನ ಟಿಕೆಟ್ ಮಾಡಿಸಿದರೂ ತಡವೇನಲ್ಲ.