ತಿರುಹುವುದು ಮತ್ತು ಸುತ್ತುವುದು: ಕದಿರ ರೆಮ್ಮವ್ವೆಯ ರಾಟೆಯನ್ನು ಕುರಿತು

ವಚನಸಾಹಿತ್ಯವನ್ನು ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ನಾಮಪದಗಳ ವಿಮರ್ಶೆಯಾಗಿದೆ. ವಚನದಲ್ಲಿ ಬರುವ ವಸ್ತು ಯಾವುದು, ಅದು ಯಾವ ತತ್ತ್ವಕ್ಕೆ ಸಂಕೇತ ಎಂಬುದನ್ನು ನಿರ್ಣಯಿಸಿದೊಡನೆ ವ್ಯಾಖ್ಯಾನಕಾರನ ಕೆಲಸ ಮುಗಿಯಿತೆಂದು ಭಾವಿಸುವುದು ರೂಢಿ. ಆ ವಸ್ತು ಮಾಡುವ ಕೆಲಸವೇನು, ಅದನ್ನು ಹೇಳಲು ಕವಿ ಆರಿಸಿಕೊಂಡ ಕ್ರಿಯಾಪದ ಯಾವುದು ಎಂದು ಕೇಳುವವರು ವಿರಳ. ಕಾಯಕವನ್ನೇ ಬದುಕಿನ ನಡುಗಂಬವಾಗಿಸಿಕೊಂಡ ಶರಣರ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ. ಕಾಯಕವು ಕ್ರಿಯೆ, ಕ್ರಿಯಾಪದವನ್ನು ಬಿಟ್ಟು ಅದನ್ನು ಅರಿಯುವುದೆಂತು?

ಈ ಮಾತಿಗೆ ನಿದರ್ಶನವಾಗಿ ಕದಿರ ರೆಮ್ಮವ್ವೆಯ ರಾಟೆಯ ವಚನವನ್ನು ತೆಗೆದುಕೊಳ್ಳಬಹುದು. ಈಕೆ ನೂಲುವ ಕಾಯಕದವಳು. ‘ಕದಿರು’ ಎಂದರೆ ನೂಲು ಸುತ್ತುವ ಕಬ್ಬಿಣದ ಕಡ್ಡಿ. ಅದು ಆಕೆಯ ಹೆಸರಿನಲ್ಲಿಯೂ ಇದೆ, ‘ಗುಮ್ಮೇಶ್ವರ’ನೆಂಬ ಅಂಕಿತದ ಮುಂದೆಯೂ ಇದೆ. ದೊರೆತಿರುವ ವಚನಗಳು ಬೆರಳೆಣಿಕೆಯವು. ಅವುಗಳಲ್ಲಿ ಈ ಒಂದು ವಚನವು ರಾಟೆಯ ಕುಲವನ್ನು ಹೇಳುತ್ತದೆ: ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ಮಹಾರುದ್ರ, ಅರಿವೇ ಕದಿರು, ಭಕ್ತಿಯೇ ಕೈ. ಅಂಗಕ್ಕೊಂದು ತತ್ತ್ವವನ್ನು ಹೊಂದಿಸಿದ ರೂಪಕವೆಂದು ಹೇಳಿ ವ್ಯಾಖ್ಯಾನಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಹಾಗೆ ಓದಿದರೆ ಇದೊಂದು ಜಾಣತನದ ಪಟ್ಟಿಯಾಗಿ ಮಾತ್ರ ಉಳಿಯುತ್ತದೆ. ವಚನದ ಜೀವವಿರುವುದು ಅದರ ಎರಡು ಕ್ರಿಯಾಪದಗಳಲ್ಲಿ: ‘ತಿರುಹು’ ಮತ್ತು ‘ಸುತ್ತು’.

ತಿರುಗುವಿಕೆಯನ್ನು ಹೇಳುವ ಮಾತುಗಳು ಕನ್ನಡದಲ್ಲಿ ಹೇರಳವಾಗಿವೆ. ಆದರೆ ಅವು ಒಂದಕ್ಕೊಂದು ಬದಲಿಯಾಗಿ ನಿಲ್ಲುವ ಪರ್ಯಾಯಗಳಲ್ಲ. ಬುಗುರಿ ತಿರುಗುತ್ತದೆ, ಬಳ್ಳಿ ಮರವನ್ನು ಸುತ್ತುತ್ತದೆ, ಬಂಡೆ ಉರುಳುತ್ತದೆ, ನಿದ್ರೆ ಬಾರದವನು ಹಾಸಿಗೆಯಲ್ಲಿ ಹೊರಳುತ್ತಾನೆ, ದೋಣಿ ಮಗುಚುತ್ತದೆ, ಊರಿಗೆ ಹೋದವನು ಮರಳುತ್ತಾನೆ. ತಿರುಗುವ ವಸ್ತುವಿಗೆ ತನ್ನೊಳಗೇ ಒಂದು ಅಚ್ಚು ಬೇಕು; ಸುತ್ತುವ ವಸ್ತುವಿಗೆ ತನ್ನ ಹೊರಗೆ ಒಂದು ನಡು ಬೇಕು. ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ, ಸೂರ್ಯನನ್ನು ಸುತ್ತುತ್ತದೆ ಎಂದು ಶಾಲೆಯ ಮಗುವೂ ತಪ್ಪಿಲ್ಲದೆ ಹೇಳಬಲ್ಲದು. ಮನುಷ್ಯರ ವಿಷಯದಲ್ಲಿ ‘ತಿರುಗು’ ಎಂಬುದು ಅಲೆದಾಟಕ್ಕೂ ಸಲ್ಲುತ್ತದೆಂಬುದು ನಿಜ. ‘ತಿರಿ’ ಎಂಬ ಹಳೆಯ ಧಾತುವಿನಿಂದಲೇ ತಿರುಕನೂ ತಿರುಪೆಯೂ ಬಂದಿರುವುವು. ಆದರೆ ಅಲ್ಲಿಯೂ ಭೇದವಿದೆ. ‘ಊರೂರು ತಿರುಗಿದ’ನೆಂದರೆ ಗುರಿಯಿಲ್ಲದೆ ಅಲೆದನು, ‘ಊರನ್ನು ಸುತ್ತಿದ’ನೆಂದರೆ ಊರೇ ಕರ್ಮಪದವಾಗಿ ಅವನ ನಡೆಗೆ ನಡುವಾಯಿತು. ಬ್ಯಾಂಕಿನ ಪ್ರಧಾನ ಕಚೇರಿಯಿಂದ ಶಾಖೆಗಳಿಗೆ ಬರುವ ಪತ್ರ ‘ಸುತ್ತೋಲೆ’ಯೇ ಹೊರತು ‘ತಿರುಗೋಲೆ’ಯಲ್ಲ. ಈ ಮಾತನ್ನು ಕಟ್ಟಿದವರ ಕಿವಿ ಚೆನ್ನಾಗಿತ್ತು.

ಇನ್ನು ‘ತಿರುಹು’. ಇದು ‘ತಿರುಪು’ ಎಂಬುದರ ಪಕಾರವು ಹಕಾರವಾದ ನಡುಗನ್ನಡದ ರೂಪ. ಇಂದಿನ ‘ತಿರುವು’ ಇದರ ಮುಂದಿನ ಹೆಜ್ಜೆ. ಮೊಳೆಯಂತೆ ಹೊಡೆಯದೆ ತಿರುವಿ ಬಿಗಿಯುವ ‘ತಿರುಪು’ ಎಂಬ ವಸ್ತುವಿನಲ್ಲಿ ಹಳೆಯ ಪಕಾರ ಹಾಗೆಯೇ ಉಳಿದಿದೆ. ‘ತಿರುಗು’ ಅಕರ್ಮಕ, ‘ತಿರುಹು’ ಸಕರ್ಮಕ: ವಸ್ತು ತಿರುಗುತ್ತದೆ, ಕೈ ತಿರುಹುತ್ತದೆ. ತಿರುಹುವುದಕ್ಕೆ ಕರ್ತೃ ಬೇಕು. ಅದೇ ವಚನದಲ್ಲಿ ‘ಸುತ್ತು’ ಎಂಬುದಕ್ಕೆ ಕರ್ತೃವಾಗಿರುವುದು ನೂಲು. ನೂಲುವವಳು ಅದನ್ನು ಸುತ್ತಿದಳೆಂದು ವಚನ ಹೇಳುವುದಿಲ್ಲ.

ಇದರ ಔಚಿತ್ಯ ತಿಳಿಯಬೇಕಾದರೆ ರಾಟೆಯ ಕೆಲಸವನ್ನು ಬಲ್ಲವರಾಗಬೇಕು. ದೊಡ್ಡ ಚಕ್ರವನ್ನು ಬಲಗೈ ತಿರುಹುತ್ತದೆ. ಚಕ್ರಕ್ಕೂ ಕದಿರಿಗೂ ಹಾಯಿಸಿದ ದಾರವು ಆ ಚಲನೆಯನ್ನು ಕದಿರಿಗೆ ಒಯ್ಯುತ್ತದೆ. ಚಕ್ರ ದೊಡ್ಡದು, ಕದಿರು ಸಣ್ಣದು. ಆದುದರಿಂದ ಚಕ್ರದ ಒಂದು ಸುತ್ತಿಗೆ ಕದಿರು ಹತ್ತಾರು ಸಲ ತಿರುಗುತ್ತದೆ. ಎಡಗೈ ಹಂಜಿಯನ್ನು ಹಿಂದಕ್ಕೆ ಎಳೆಯುತ್ತ ಹೋದಂತೆ ಕದಿರಿನ ತುದಿಯಲ್ಲಿ ಎಳೆಗೆ ಹುರಿ ಏರುತ್ತದೆ. ಕೈ ಚಾಚುವಷ್ಟು ಎಳೆಯಾದ ಮೇಲೆ ಚಕ್ರವನ್ನು ತುಸು ಹಿಂದಕ್ಕೆ ಬಿಟ್ಟು, ಎಳೆಯನ್ನು ಕದಿರಿಗೆ ಅಡ್ಡವಾಗಿ ಹಿಡಿದು, ಮತ್ತೆ ತಿರುಹಿದರೆ ನೂಲು ತಾನಾಗಿ ಕದಿರನ್ನು ಸುತ್ತಿಕೊಳ್ಳುತ್ತದೆ. ಹುರಿ ಏರಿಸುವುದು ಒಂದು ಹಂತ, ಸುತ್ತಿಕೊಳ್ಳುವುದು ಇನ್ನೊಂದು ಹಂತ. ರೆಮ್ಮವ್ವೆ ಕೈ ತಿರುಹಿದುದು, ನೂಲು ಸುತ್ತಿದುದು, ಕದಿರು ತುಂಬಿದುದು ಎಂಬ ಮೂರನ್ನೂ ಕೆಲಸದ ಅನುಕ್ರಮದಲ್ಲಿಯೇ ಹೇಳಿದ್ದಾಳೆ. ಶ್ರಮ ಭಕ್ತಿಯದು, ಫಲ ತಾನಾಗಿ ಅರಿವನ್ನು ಸುತ್ತಿಕೊಳ್ಳುವಂಥದು. ಪ್ರಸಾದತತ್ತ್ವವನ್ನು ಎರಡು ಕ್ರಿಯಾಪದಗಳ ವ್ಯಾಕರಣದಲ್ಲಿ ಹೇಳಿದಂತಾಯಿತು.

ಈಗ ಆ ‘ಪಟ್ಟಿ’ಯನ್ನು ಮತ್ತೆ ನೋಡಬೇಕು. ಹಲಗೆ, ತೋರಣ, ಬೊಂಬೆ ಇವು ಮೂರೂ ರಾಟೆಯ ನಿಶ್ಚಲ ಅಂಗಗಳು, ಒಂದೂ ತಿರುಗುವುದಿಲ್ಲ. ತ್ರಿಮೂರ್ತಿಗಳಿಗೆ ಸಂದಿರುವುದು ಈ ಚೌಕಟ್ಟು. ಚೌಕಟ್ಟಿಲ್ಲದೆ ರಾಟೆ ನಿಲ್ಲದು, ಆದರೆ ಚೌಕಟ್ಟು ನೂಲನ್ನು ನೂಲದು. ಚಲಿಸುವ ಅಂಗಗಳಾದ ಕದಿರು ಮತ್ತು ಕೈಗಳನ್ನು ಆಕೆ ಅರಿವಿಗೂ ಭಕ್ತಿಗೂ ಮೀಸಲಿಟ್ಟಿದ್ದಾಳೆ. ದೇವರುಗಳು ನಿಂತಿದ್ದಾರೆ, ದುಡಿಯುವುದು ಭಕ್ತಳ ಕೈ. ಯಾವುದು ನಿಲ್ಲುತ್ತದೆ, ಯಾವುದು ತಿರುಗುತ್ತದೆ ಎಂಬ ವಿಭಾಗವನ್ನು ಗಮನಿಸದ ಓದಿಗೆ ಈ ದಿಟ್ಟ ಮಾತು ಕಾಣದೆಯೇ ಹೋಗುತ್ತದೆ.

ಕೊನೆಯಲ್ಲಿ ಆಕೆ, ಇನ್ನು ರಾಟೆಯನ್ನು ತಿರುಹಲಾರೆ, ಗಂಡ ಹೊಡೆದಾನು ಎನ್ನುತ್ತಾಳೆ. ಇದನ್ನು ಆಯಾಸದ ಮಾತೆಂದು ಓದುವುದಕ್ಕಿಂತ, ಹಿಂದಿನ ಮಾತಿನೊಡನೆ ಕೂಡಿಸಿ ಓದುವುದು ಯುಕ್ತವೆಂದು ನನಗೆ ತೋರುತ್ತದೆ. ಕದಿರು ತುಂಬಿದೆ, ತುಂಬಿದ ಕದಿರಿಗೆ ಮತ್ತೆ ನೂಲು ಹಿಡಿಯದು. ಬೇರೆ ನೂಲುವವರು ಅದನ್ನು ಬಿಚ್ಚಿ ಬರಿದುಮಾಡಿ ಕೆಲಸ ಮುಂದುವರಿಸಬಹುದು. ಅರಿವೆಂಬ ಕದಿರನ್ನು ಬರಿದುಮಾಡುವುದೆಂತು? ತುಂಬಿದ ಅರಿವು ಒಂದು ಕಡೆ, ನಿಲ್ಲಿಸಬಾರದೆನ್ನುವ ಮನೆಯ ಅಧಿಕಾರ ಇನ್ನೊಂದು ಕಡೆ. ಈ ಇಕ್ಕಟ್ಟನ್ನು ಬಿಡಿಸದೆಯೇ ವಚನ ಅಂಕಿತಕ್ಕೆ ಬರುತ್ತದೆ. ‘ಗಂಡ’ನನ್ನು ಲಿಂಗಪತಿಯೆಂದು ಮಾತ್ರ ಅರ್ಥಮಾಡಿ, ಏಟಿನ ಭಯವನ್ನು ಅಲೌಕಿಕವಾಗಿಸುವುದು ನ್ಯಾಯವಲ್ಲ.

ಈ ವಚನಕ್ಕೆ ಚರಿತ್ರೆಯ ಮಹತ್ವವೂ ಇದೆ. 1969ರಲ್ಲಿ ವಾರಾಣಸಿಯಲ್ಲಿ ಸೇರಿದ ಭಾರತೀಯ ಇತಿಹಾಸ ಸಮ್ಮೇಳನದಲ್ಲಿ ಇರ್ಫಾನ್ ಹಬೀಬರು, ನೂಲುವ ಚಕ್ರವು ಭಾರತಕ್ಕೆ ಹೊರಗಿನಿಂದ, ತುರ್ಕರ ಕಾಲದಲ್ಲಿ ಬಂದಿತೆಂಬ ವಾದವನ್ನು ಮಂಡಿಸಿದರು. ಅವರಿಗೆ ಆಧಾರವಾದ ಉಲ್ಲೇಖ ಇಸಾಮಿಯ ‘ಫುತೂಹುಸ್ಸಲಾತೀನ್’ ಕಾವ್ಯದ್ದು. ಬಹಮನಿ ಸುಲ್ತಾನನ ಆಶ್ರಯದಲ್ಲಿ, 1350ರಲ್ಲಿ, ನಮ್ಮ ದಖನ್ನಿನಲ್ಲಿಯೇ ಮುಗಿದ ಗ್ರಂಥವದು. ರೆಮ್ಮವ್ವೆಯನ್ನು 12ನೆಯ ಶತಮಾನದವಳೆಂದು ಹಿಡಿದರೆ ರಾಟೆ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಆದರೆ ನಾವು ಕನ್ನಡಿಗರೆಂದು ಈ ತೀರ್ಪಿಗೆ ಅವಸರಪಡಬಾರದು. ವಚನಗಳು ನಮಗೆ ದೊರೆತಿರುವುದು ಬಹಳ ತರುವಾಯದ ಸಂಕಲನಗಳಿಂದ ಮತ್ತು ಓಲೆಯ ಪ್ರತಿಗಳಿಂದ. ‘ರಾಟೆ’ ಎಂಬ ಮಾತೊಂದೇ ಸಾಕ್ಷಿಯಾಗದು. ಸಂಸ್ಕೃತದ ‘ಅರಘಟ್ಟ’ದಿಂದ ಬಂದ ಈ ಶಬ್ದ ಬಾವಿಯ ಗಾಲಿಗೂ ಸಲ್ಲುತ್ತದೆ. ಮುಂಬಯಿಯ ನಮಗೆ ನೆರೆಯಾದ ಮರಾಠಿಯ ‘ರಹಾಟ’ಕ್ಕೂ ಈ ಎರಡು ಅರ್ಥಗಳುಂಟು. ಸಾಕ್ಷಿಯ ಬಲವಿರುವುದು ಕದಿರು, ನೂಲು, ತಿರುಹುವ ಕೈ ಇವೆಲ್ಲ ಒಂದೇ ವಚನದಲ್ಲಿ ಕೂಡಿಬಂದಿರುವುದರಲ್ಲಿ.

ಕಾಲನಿರ್ಣಯ ಹೇಗೇ ಆಗಲಿ, ಎರಡು ಉಲ್ಲೇಖಗಳ ಅಂತರ ಮನನೀಯವಾಗಿದೆ. ಇಸಾಮಿ ರಜಿಯಾ ಸುಲ್ತಾನಳ ಆಳ್ವಿಕೆಯನ್ನು ಹಳಿಯುತ್ತ, ಹೆಣ್ಣಿಗೆ ಸಿಂಹಾಸನಕ್ಕಿಂತ ಚರಕವೇ ಲೇಸೆನ್ನುತ್ತಾನೆ. ಅಲ್ಲಿ ಚಕ್ರವು ಹೆಣ್ಣನ್ನು ಕೂರಿಸುವ ಗೂಟ. ರೆಮ್ಮವ್ವೆ ಅದೇ ಚಕ್ರದ ಮುಂದೆ ಕುಳಿತು ತ್ರಿಮೂರ್ತಿಗಳಿಗೆ ಸ್ಥಾನವನ್ನು ನಿರ್ಣಯಿಸುತ್ತಾಳೆ.

1854ರಲ್ಲಿ ಕಾವಸ್‌ಜಿ ದಾವರರು ಮುಂಬಯಿಯ ಮೊದಲ ಹತ್ತಿಯ ಗಿರಣಿಗೆ ನಾಂದಿ ಹಾಡಿದರು. ಆಮೇಲೆ ಗಿರಣಿಗಳ ಗಾತ್ರವನ್ನು ಕದಿರುಗಳ ಲೆಕ್ಕದಲ್ಲಿಯೇ ಹೇಳುತ್ತಿದ್ದರು. 1982ರ ಮುಷ್ಕರದ ತರುವಾಯ ಅವುಗಳಲ್ಲಿ ಬಹುಪಾಲು ನಿಂತುಹೋದುವು. ಇಲ್ಲಿ ಬೆಳೆಯುವ ನಮ್ಮ ಮಕ್ಕಳು ರಾಟೆಯನ್ನೂ ಕಾಣರು, ಗಿರಣಿಯ ಕದಿರನ್ನೂ ಕಾಣರು. ವಸ್ತು ಮರೆಯಾದ ಮೇಲೆ ಅದರ ಕ್ರಿಯಾಪದ ಮಸುಕಾಗುವುದು ಸಹಜ. ಕ್ರಿಯಾಪದ ಮಸುಕಾದರೆ ವಚನ ಬರಿಯ ಉಪದೇಶವಾಗಿ ಉಳಿಯುತ್ತದೆ. ಕಾಯಕದ ವಚನಗಳನ್ನು ಇನ್ನು ಮುಂದೆ ಸಂಪಾದಿಸುವವರು ಪಾಠಾಂತರಗಳ ಜೊತೆಗೆ ಆ ಉಪಕರಣದ ಒಂದು ರೇಖಾಚಿತ್ರವನ್ನು ಕೊಟ್ಟು, ಯಾವ ಅಂಗ ನಿಂತಿರುವುದು, ಯಾವುದು ತಿರುಗುವುದು, ಯಾವುದು ಸುತ್ತುವುದು ಎಂದು ಗುರುತು ಮಾಡುವುದು ಅವಶ್ಯ. ಒಂದು ಪುಟದ ಖರ್ಚಿನಲ್ಲಿ ಆಗುವ ಈ ಕೆಲಸವಿಲ್ಲದೆ ರೆಮ್ಮವ್ವೆಯ ಮಾತು ಮುಂದಿನ ತಲೆಮಾರಿಗೆ ಅರ್ಧದಷ್ಟೂ ತಲುಪದು.