ಬಳ್ಳಾರಿಯ ಪಟ್ಟಿಯಲ್ಲಿ ನಮ್ಮ ಕೇರಿ ಎಲ್ಲಿ?

ಧರ್ಮಪಾಲ್ ಅವರ 'ದಿ ಬ್ಯೂಟಿಫುಲ್ ಟ್ರೀ' ಅಚ್ಚಾದದ್ದು 1983ರಲ್ಲಿ. ಆ ಪುಸ್ತಕದ ಹೆಸರು ಹೇಳಿ ಇವತ್ತಿಗೂ ಭಾಷಣಗಳಲ್ಲಿ ಒಂದು ಮಾತು ಓಡಾಡ್ತಿದೆ: ಬ್ರಿಟಿಷರು ಕೆಡಿಸುವ ಮುಂಚೆ ನಮ್ಮ ಶಾಲೆಗಳಲ್ಲಿ ಶೂದ್ರರ ಮಕ್ಕಳೇ ಹೆಚ್ಚಿದ್ದರು, ಜಾತಿ ಓದಿಗೆ ಅಡ್ಡ ಬಂದಿರಲಿಲ್ಲ ಅಂತ. ಹೇಳುವವರು ಅಂಕಿಗಳ ಪುಟ ತೆರೆದಂತೆ ಕಾಣುವುದಿಲ್ಲ. ನಾವು ತೆರೆಯೋಣ.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಕಲೆಕ್ಟರನಿಗೂ ಒಂದು ನಮೂನೆ ಕಳಿಸಿದ. ಶಾಲೆ ಎಷ್ಟು, ಕಲಿಯುವವರು ಯಾವ ಜಾತಿ, ಬರೆದು ಕಳಿಸಿ ಅಂತ. 1826ರ ಹೊತ್ತಿಗೆ ಇಡೀ ಪ್ರಾಂತ್ಯದ ಲೆಕ್ಕ ಸಿಕ್ಕಿತು: 12,498 ಶಾಲೆ, 1,88,650 ವಿದ್ಯಾರ್ಥಿಗಳು. ಇಂಗ್ಲಿಷರು ಬಂದು ಕತ್ತಲೆಗೆ ದೀಪ ಹಚ್ಚಿದರು ಎಂಬ ಬೊಗಳೆಗೆ ಇದು ಸರಿಯಾದ ಪೆಟ್ಟು. ಆ ಕಾಗದಗಳನ್ನು ಹುಡುಕಿ ಅಚ್ಚು ಹಾಕಿಸಿದ ಧರ್ಮಪಾಲರ ದುಡಿಮೆ ದೊಡ್ಡದು. ನಮ್ಮ ತಕರಾರು ಅಂಕಿಗಳ ಮೇಲಲ್ಲ, ಅವುಗಳಿಂದ ಎಳೆದ ತೀರ್ಮಾನದ ಮೇಲೆ.

ನಮ್ಮ ಬಳ್ಳಾರಿಯನ್ನೇ ನೋಡಿ. 1823ರಲ್ಲಿ ಕಲೆಕ್ಟರ್ ಕ್ಯಾಂಪ್‌ಬೆಲ್ ಕಳಿಸಿದ ಪಟ್ಟಿಯಲ್ಲಿ 533 ಶಾಲೆಗಳಿವೆ. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುವವರು 6,641. ಬ್ರಾಹ್ಮಣ ಹುಡುಗರು 1,185, ವೈಶ್ಯರು 981, ಶೂದ್ರರು 2,998, 'ಇತರ ಎಲ್ಲ ಜಾತಿ' 1,174, ಮುಸ್ಲಿಮರು 243. ಹಿಂದೂ ಹುಡುಗಿಯರು ಒಟ್ಟು 60.

ಶೂದ್ರರು ಬ್ರಾಹ್ಮಣರ ಎರಡೂವರೆ ಪಟ್ಟು! ಕೇಳಿದವರು ಇಲ್ಲೇ ಚಪ್ಪಾಳೆ ತಟ್ಟುತ್ತಾರೆ. ಆದರೆ ಶಾಲೆಯ ಒಳಗೆ ಯಾರು ಎಷ್ಟು ಎಂಬುದು ಒಂದು ಪ್ರಶ್ನೆ, ಊರಲ್ಲಿ ಯಾರು ಎಷ್ಟಿದ್ದರು ಎಂಬುದು ಬೇರೆಯೇ ಪ್ರಶ್ನೆ. ಪಟ್ಟಿ ಜಿಲ್ಲೆಯ ಜನಸಂಖ್ಯೆಯನ್ನು 9,27,857 ಅನ್ನುತ್ತದೆ, ಅದನ್ನು ಜಾತಿವಾರು ಬಿಡಿಸಿ ಹೇಳುವುದಿಲ್ಲ. ಊರಿನ ನೂರು ಮನೆಯಲ್ಲಿ ಬ್ರಾಹ್ಮಣರದು ಐದು, ಶೂದ್ರರದು ಅರವತ್ತು ಎಂದಿಟ್ಟುಕೊಳ್ಳಿ. ಆ ಐದು ಮನೆಯಿಂದ ನಾಲ್ಕು ಹುಡುಗರು, ಅರವತ್ತು ಮನೆಯಿಂದ ಹತ್ತು ಹುಡುಗರು ಶಾಲೆಗೆ ಹೋದರೆ 'ಶೂದ್ರರೇ ಹೆಚ್ಚು' ಎಂಬ ಮಾತು ಸುಳ್ಳಲ್ಲ. ಆದರೆ ಬಾಗಿಲು ಯಾರಿಗೆ ತೆರೆದಿತ್ತು ಎಂಬುದಕ್ಕೆ ಆ ಮಾತು ಉತ್ತರವೂ ಅಲ್ಲ. ಇಡೀ ಜಿಲ್ಲೆ ಲೆಕ್ಕ ಹಾಕಿದರೆ ಸಾವಿರ ಜನಕ್ಕೆ ಏಳು ಮಂದಿ ಶಾಲೆಯಲ್ಲಿ. ಅದೇನು ಸುವರ್ಣಯುಗವೋ!

ಇನ್ನು 'ಇತರ ಎಲ್ಲ ಜಾತಿ' ಎಂಬ ಕಾಲಂ. ಅದರಲ್ಲಿ ಯಾರಿದ್ದರು? ಹೊಲೆಯರ ಹುಡುಗ ಇದ್ದನೇ? ಮಾದಿಗರ ಹುಡುಗ? ಲಿಂಗಾಯತರನ್ನು ಯಾವ ಕಾಲಮ್ಮಿಗೆ ಹಾಕಿದರು? ಪಟ್ಟಿ ಬಾಯಿ ಬಿಡುವುದಿಲ್ಲ. ಅಸ್ಪೃಶ್ಯರಿಗೆಂದು ಕಾಲಮ್ಮೇ ಇಲ್ಲದ ಪಟ್ಟಿ ಹಿಡಿದುಕೊಂಡು ಅಸ್ಪೃಶ್ಯತೆ ಓದಿಗೆ ಅಡ್ಡ ಬರಲಿಲ್ಲ ಅನ್ನುವುದು ಎಂಥ ತರ್ಕ? ಶೂದ್ರರನ್ನೂ 'ಇತರ'ರನ್ನೂ ಒಂದೇ ಮೂಟೆಗೆ ತುಂಬಿ, 'ಶೂದ್ರರೂ ಅವರಿಗಿಂತ ಕೆಳಗಿನವರೂ' ಎಂದು ಕೂಡಿ ಹೇಳಿದಾಗ ನಮ್ಮ ಕೇರಿ ಎಣಿಕೆಗೆ ಸಿಗದೆಯೇ ಲಾಭದ ಪಾಲುದಾರ ಆಗಿಬಿಡ್ತದೆ. ಇದು ಧರ್ಮಪಾಲರ ಪುಸ್ತಕದ ದೊಡ್ಡ ಜಾರು.

ಖಾಲಿ ಜಾಗವೂ ಮೋಸ ಮಾಡ್ತದೆ. ಕೆನರಾದ ಕಲೆಕ್ಟರ್ ನಮೂನೆಯನ್ನೇ ತುಂಬಲಿಲ್ಲ. ಇಲ್ಲಿ ಕಾಯಂ ಶಾಲೆಗಳೇ ಇಲ್ಲ, ಓದು ಮನೆಯಲ್ಲೇ ನಡೀತದೆ, ತುಂಬಿ ಪ್ರಯೋಜನವಿಲ್ಲ ಎಂದು ಬರೆದ. ಆ ಬಿಟ್ಟ ಜಾಗ ನೋಡಿ ಮಂಗಳೂರು, ಕಾರವಾರದ ಕಡೆ ಯಾರೂ ಓದುತ್ತಿರಲಿಲ್ಲ ಎಂದರೆ ತಪ್ಪು, ಎಲ್ಲರೂ ಮನೆಯಲ್ಲಿ ಓದುತ್ತಿದ್ದರು ಎಂದರೂ ತಪ್ಪು. ಮನೆಪಾಠ ಅಂದರೆ ಯಾರ ಮನೆ, ಯಾರ ಪಾಠ ಎಂದು ಕೇಳಬೇಕು. ಇನ್ನೊಂದು ಸಂಗತಿ: ಬಳ್ಳಾರಿ ಕಂಪನಿಯ ಕೈಗೆ ಬಂದದ್ದು 1800ರಲ್ಲಿ. ಎರಡು ದಶಕದ ಮೇಲೆ ತೆಗೆದ ಲೆಕ್ಕವನ್ನು ಹಾಗೇ ಹಿಂದಕ್ಕೆ ತಳ್ಳಿ 'ಬ್ರಿಟಿಷರ ಮುಂಚೆ' ಅನ್ನುವಂತಿಲ್ಲ. ಬಡತನದಿಂದ ಶಾಲೆಗಳು ಇಳಿಮುಖವಾಗಿವೆ ಎಂದು ಕ್ಯಾಂಪ್‌ಬೆಲ್ಲನೇ ಬರೆದಿದ್ದ. ಆ ಸಾಕ್ಷಿಗೆ ಬೆಲೆಯಿದೆ. ಮೊದಲು ಎಷ್ಟಿತ್ತು ಎಂಬ ಅಂಕಿ ಮಾತ್ರ ಅದರಿಂದ ಹುಟ್ಟುವುದಿಲ್ಲ.

ಹಾಗಾದರೆ ಕೇರಿಯ ಹುಡುಗನನ್ನು ಎಲ್ಲಿ ಹುಡುಕಬೇಕು? ಪಟ್ಟಿಯ ಹೊರಗೆ, ಅರ್ಜಿಗಳಲ್ಲಿ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ ಎಂದು ಒಬ್ಬ ಮಹಾರ್ ಹುಡುಗ ಮುಂಬಯಿ ಸರ್ಕಾರಕ್ಕೆ ಬರೆದುಕೊಂಡ. ಅವನೊಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರು ಎಂದು ಸರ್ಕಾರ ಅವನ ಪರ ನಿಲ್ಲಲಿಲ್ಲ. ಒಂದು ಅರ್ಜಿಯಿಂದ ಶೇಕಡಾವಾರು ತೆಗೆಯಲಾಗದು, ನಿಜ. ಅದು ಸರ್ಕಾರಿ ಶಾಲೆ, ಊರ ಐಗಳ ಮಠವಲ್ಲ, ಅದೂ ನಿಜ. ಆದರೆ ಆ ಹುಡುಗ ಬಾಗಿಲಲ್ಲಿ ನಿಂತಿದ್ದ ದಿನ ಧಾರವಾಡದ ಹಾಜರಿ ಪುಸ್ತಕ ಬರೆಯಲು ಯಾರಾದರೂ ಬಂದಿದ್ದರೆ ಒಳಗೆ ಕೂತವರನ್ನಷ್ಟೇ ಎಣಿಸಿಕೊಂಡು ಹೋಗುತ್ತಿದ್ದರು.